ನಾರ್ತ್‌ಫೀಲ್ಡ್ ಉತ್ಸವದಲ್ಲಿ ಒಬ್ಬ ನಿವೃತ್ತ ಕ್ಯಾಷಿಯರ್

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ನಾರ್ತ್‌ಫೀಲ್ಡ್ ಎಂಬ ಪುಟ್ಟ ಪಟ್ಟಣವಿದೆ. ಸೆಪ್ಟೆಂಬರ್ ತಿಂಗಳ ಮೊದಲ ಸೋಮವಾರ ಬರುವ ಕಾರ್ಮಿಕ ದಿನ ಕಳೆದ ಮೇಲೆ, ಅದೇ ವಾರದಲ್ಲಿ ಅಲ್ಲಿ ಊರಹಬ್ಬವೊಂದು ನಡೆಯುತ್ತದೆ. 1948ರಿಂದ ನಡೆದುಬಂದಿರುವ ಆ ಹಬ್ಬದ ಹೆಸರು ‘ಡಿಫೀಟ್ ಆಫ್ ಜೆಸ್ಸಿ ಜೇಮ್ಸ್ ಡೇಸ್’. ಕುಖ್ಯಾತ ದರೋಡೆಕೋರ ಜೆಸ್ಸಿ ಜೇಮ್ಸ್‌ನ ತಂಡ ಈ ಊರಿನ ಜನರ ಕೈಯಲ್ಲಿ ಸೋತ ದಿನದ ನೆನಪು ಅದು. ಕುದುರೆ, ಕೋವಿ, ಅಗಲ ಅಂಚಿನ ಟೋಪಿ, ಕುದುರೆ, ಹೋರಿಗಳ ಮೇಲೆ ಸವಾರಿ ಮಾಡುವ ಪಂದ್ಯವಾದ ರೋಡಿಯೊ, ಭಾನುವಾರದ ದೊಡ್ಡ ಮೆರವಣಿಗೆ ಹೀಗೆ ಅಮೆರಿಕದ ಪಶ್ಚಿಮದ ಸೀಮೆಯ ಬದುಕಿನೊಂದಿಗೆ ನಾವು ಜೋಡಿಸಿಕೊಂಡಿರುವ ಎಲ್ಲವೂ ಅಲ್ಲಿವೆ. ಇಷ್ಟೆಲ್ಲ ಸಂಭ್ರಮದ ನಡುವೆ ಊರಿನವರು ಮರೆಯದೆ ಹೆಸರು ಹಿಡಿದು ನೆನೆಯುವುದು ಒಬ್ಬ ಬ್ಯಾಂಕ್ ನೌಕರನನ್ನು. ಉದ್ಯೋಗದ ಬಹುಪಾಲು ವರ್ಷಗಳನ್ನು ನಗದು ಕೌಂಟರಿನ ಹಿಂದೆ ಕಳೆದು ನಿವೃತ್ತನಾದ ನನಗೆ ಆ ಹಬ್ಬವನ್ನು ಬೇರೆ ಪ್ರವಾಸಿಗರಂತೆ ನೋಡುವುದು ಸಾಧ್ಯವಾಗಲಿಲ್ಲ.

ಮಗಳ ಸಂಸಾರ ಮಿನ್ನಿಯಾಪೊಲಿಸ್ ನಗರದ ಹೊರವಲಯದಲ್ಲಿದೆ. ಅಲ್ಲಿಂದ ದಕ್ಷಿಣಕ್ಕೆ ಸುಮಾರು 65 ಕಿಲೋಮೀಟರ್ ದೂರದ ನಾರ್ತ್‌ಫೀಲ್ಡ್‌ಗೆ ಶನಿವಾರ ಬೆಳಿಗ್ಗೆ ಅಳಿಯ ನಮ್ಮನ್ನು ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಮೆಕ್ಕೆಜೋಳ ಮತ್ತು ಸೋಯಾ ಅವರೆಯ ಹೊಲಗಳು. ಊರಿನ ನಡುವೆ ಕ್ಯಾನನ್ ನದಿ ಹರಿಯುತ್ತದೆ. ಕಾರ್ಲ್‌ಟನ್ ಮತ್ತು ಸೇಂಟ್ ಓಲಾಫ್ ಎಂಬ ಎರಡು ಹೆಸರಾಂತ ಕಾಲೇಜುಗಳೂ, ಬೆಳಗಿನ ಉಪಾಹಾರದ ಧಾನ್ಯದ ತಿನಿಸುಗಳನ್ನು ತಯಾರಿಸುವ ಕಾರ್ಖಾನೆಯೂ ಇಲ್ಲಿವೆ. ‘ಹಸುಗಳು, ಕಾಲೇಜುಗಳು, ನೆಮ್ಮದಿ’ ಎಂಬುದು ಊರು ತನ್ನ ಬಗ್ಗೆ ಹೇಳಿಕೊಳ್ಳುವ ಮಾತು. ಹಬ್ಬದ ದಿನ ಡಿವಿಷನ್ ಸ್ಟ್ರೀಟ್ ಎಂಬ ಮುಖ್ಯ ಬೀದಿಯಲ್ಲಿ ವಾಹನ ಸಂಚಾರ ನಿಲ್ಲಿಸಿ, ಇಕ್ಕೆಲಗಳಲ್ಲಿ ಜನ ಕೂರಲು ವ್ಯವಸ್ಥೆ ಮಾಡಿದ್ದರು. ಕರಿದ ಚೀಸ್ ತುಂಡುಗಳು, ನಿಂಬೆ ಪಾನಕ, ಪುಟ್ಟ ಡೋನಟ್‌ಗಳನ್ನು ಮಾರುವ ಅಂಗಡಿಗಳ ಮುಂದೆ ನಮ್ಮ ಜಾತ್ರೆಯಷ್ಟೇ ಗದ್ದಲವಿತ್ತು.

ಜನ ಕಾಯುವುದು ಬ್ಯಾಂಕ್ ದರೋಡೆಯ ಮರುಪ್ರದರ್ಶನಕ್ಕಾಗಿ. ಅದರ ವಿಶೇಷವೆಂದರೆ ಘಟನೆ ನಡೆದ ಜಾಗದಲ್ಲಿಯೇ, ಅದೇ ಕಟ್ಟಡದ ಮುಂದೆ, ಊರಿನ ಸ್ವಯಂಸೇವಕರೇ ಅದನ್ನು ಆಡಿ ತೋರಿಸುತ್ತಾರೆ. ದೊಡ್ಡ ಸದ್ದಾಗುವುದೆಂದು ಧ್ವನಿವರ್ಧಕದಲ್ಲಿ ಮೊದಲೇ ಎಚ್ಚರಿಸಿದರೂ, ಮೊದಲ ಗುಂಡಿನ ಸದ್ದಿಗೆ ಮೊಮ್ಮಗ ನನ್ನ ತೋಳಿಗೆ ಅಂಟಿಕೊಂಡ. ಕುದುರೆಗಳು ಕಲ್ಲಿನ ಕಟ್ಟಡಗಳ ನಡುವೆ ಹಿಂದೆ ಮುಂದೆ ಓಡಿದವು. ಹೊಗೆ ಬೀದಿಯನ್ನು ತುಂಬಿತು.

1876ರ ಸೆಪ್ಟೆಂಬರ್ 7, ಗುರುವಾರ ಮಧ್ಯಾಹ್ನ ಎಂಟು ಮಂದಿ ದರೋಡೆಕೋರರು ಈ ಬೀದಿಗೆ ಬಂದರು. ಮೂವರು ಫಸ್ಟ್ ನ್ಯಾಷನಲ್ ಬ್ಯಾಂಕಿನ ಒಳಹೊಕ್ಕರು, ಉಳಿದವರು ಹೊರಗೆ ಕಾವಲು ನಿಂತರು. ಹಾರ್ಡ್‌ವೇರ್ ವ್ಯಾಪಾರಿ ಜೆ. ಎಸ್. ಆಲೆನ್ ಅನುಮಾನದಿಂದ ಬಾಗಿಲ ಬಳಿ ಹೋದಾಗ ಒಬ್ಬ ಅವನ ಕೊರಳಪಟ್ಟಿ ಹಿಡಿದ. ಆಲೆನ್ ಬಿಡಿಸಿಕೊಂಡು ಓಡುತ್ತ, ಬ್ಯಾಂಕ್ ದರೋಡೆಯಾಗುತ್ತಿದೆ, ಕೋವಿ ತನ್ನಿ ಎಂದು ಕೂಗಿದ. ರಜೆಯಲ್ಲಿ ಊರಿಗೆ ಬಂದಿದ್ದ ಹೆನ್ರಿ ವೀಲರ್ ಎಂಬ ವೈದ್ಯಕೀಯ ವಿದ್ಯಾರ್ಥಿ ಎದುರಿನ ಹೋಟೆಲಿನ ಕಿಟಕಿಯಿಂದ ಗುಂಡು ಹೊಡೆದ. ಎ. ಆರ್. ಮ್ಯಾನಿಂಗ್ ಎಂಬ ಇನ್ನೊಬ್ಬ ಹಾರ್ಡ್‌ವೇರ್ ವ್ಯಾಪಾರಿ ಬೀದಿಯ ಮೂಲೆಯಿಂದ ಹೊಡೆದ. ಕೋವಿ ಸಿಗದವರು ಕಲ್ಲು ತೂರಿದರು. ಸುಮಾರು ಏಳು ನಿಮಿಷಗಳಲ್ಲಿ ಎಲ್ಲವೂ ಮುಗಿದು, ಇಬ್ಬರು ದರೋಡೆಕೋರರು ಬೀದಿಯಲ್ಲಿಯೇ ಸತ್ತು, ಉಳಿದವರು ಗಾಯಗೊಂಡು ಓಡಿದರು. ಎರಡು ವಾರಗಳ ಬಳಿಕ ಮಡೇಲಿಯ ಎಂಬ ಊರಿನ ಹತ್ತಿರ, ತಂಡದಲ್ಲಿದ್ದ ಯಂಗರ್ ಸಹೋದರರು ಮೂವರೂ ಸೆರೆಸಿಕ್ಕಿ ಸ್ಟಿಲ್‌ವಾಟರ್ ಸೆರೆಮನೆ ಸೇರಿದರು. ಜೆಸ್ಸಿಯೂ ಅವನ ಅಣ್ಣ ಫ್ರಾಂಕ್‌ನೂ ಮಾತ್ರ ತಪ್ಪಿಸಿಕೊಂಡರು.

ಪ್ರೇಕ್ಷಕರು ನೋಡುವುದು ಇಷ್ಟನ್ನು. ಆದರೆ ಹೊರಗಿನ ಕಾಳಗಕ್ಕೆ ಅವಕಾಶ ಒದಗಿಸಿದ್ದು ಒಳಗೆ ನಡೆದ, ಬೀದಿಯಲ್ಲಿ ಕುಳಿತವರಿಗೆ ಕಾಣದ ಸಂಗತಿ. ಅಂದು ಬ್ಯಾಂಕಿನ ಕ್ಯಾಷಿಯರ್ ಊರಲ್ಲಿರಲಿಲ್ಲ. ಫಿಲಡೆಲ್ಫಿಯದ ಶತಮಾನೋತ್ಸವ ಪ್ರದರ್ಶನಕ್ಕೆ ಹೋಗಿದ್ದ. ಅವನ ಮೇಜಿನಲ್ಲಿ ಕುಳಿತಿದ್ದವನು ಲೆಕ್ಕ ಬರೆಯುವ ಜೋಸೆಫ್ ಲೀ ಹೇವುಡ್. ವಯಸ್ಸು 39, ಅಂತರ್ಯುದ್ಧದಲ್ಲಿ ಹೋರಾಡಿದವನು, ಕಾರ್ಲ್‌ಟನ್ ಕಾಲೇಜಿನ ಖಜಾಂಚಿಯೂ ಆಗಿದ್ದವನು. ಸೇಫ್ ತೆರೆ ಎಂದು ಬೆದರಿಸಿದಾಗ, ಅದಕ್ಕೆ ಗೊತ್ತುಮಾಡಿದ ಹೊತ್ತಿಗೆ ಮಾತ್ರ ತೆರೆಯುವ ಗಡಿಯಾರದ ಬೀಗವಿದೆ, ತೆರೆಯಲಾಗುವುದಿಲ್ಲ ಎಂದ. ಹೊಡೆದರು, ಕೊರಳಿಗೆ ಚಾಕು ಎಳೆದರು, ಕಿವಿಯ ಬಳಿ ಗುಂಡು ಹಾರಿಸಿ ಹೆದರಿಸಿದರು. ಅವನು ಮಾತು ಬದಲಿಸಲಿಲ್ಲ. ಜೊತೆಯಲ್ಲಿದ್ದ ಬಂಕರ್ ಎಂಬ ನೌಕರ ಹಿಂಬಾಗಿಲಿನಿಂದ ಓಡಿದಾಗ ಅವನ ಭುಜಕ್ಕೆ ಗುಂಡು ತಗುಲಿತು. ಕೊನೆಗೆ ದರೋಡೆಕೋರರು ಹೊರಗೆ ಓಡುವಾಗ, ಕೊನೆಯವನು ತಿರುಗಿ ಹೇವುಡ್‌ನ ತಲೆಗೆ ಗುಂಡು ಹೊಡೆದ. ಅವರಿಗೆ ದಕ್ಕಿದ್ದು ಕೌಂಟರಿನಲ್ಲಿದ್ದ 26 ಡಾಲರ್ ಮತ್ತು ಒಂದಿಷ್ಟು ಚಿಲ್ಲರೆ.

ಬ್ಯಾಂಕಿದ್ದ ಸ್ಕ್ರೈವರ್ ಕಟ್ಟಡದಲ್ಲಿ ಈಗ ಸ್ಥಳೀಯ ಇತಿಹಾಸ ಸಂಸ್ಥೆಯ ವಸ್ತುಸಂಗ್ರಹಾಲಯವಿದೆ. ಪ್ರದರ್ಶನ ಮುಗಿದ ಮೇಲೆ ನಾವು ಒಳಗೆ ಹೋದೆವು. ಕೌಂಟರನ್ನೂ ಅದರ ಹಿಂದಿನ ಭದ್ರ ಕೋಣೆಯನ್ನೂ ನೋಡುತ್ತ ನಾನು ಬಹಳ ಹೊತ್ತು ನಿಂತೆ. ಅಷ್ಟು ಇಕ್ಕಟ್ಟಾದ ಜಾಗದಲ್ಲಿ ಪಿಸ್ತೂಲು ಹಿಡಿದವರ ಉಸಿರು ಮುಖಕ್ಕೇ ತಾಗುವಂತಿರುತ್ತದೆ.

“ತಾತ, ಆ ಸೇಫ್‌ಗೆ ನಿಜವಾಗಲೂ ಬೀಗ ಹಾಕಿತ್ತಾ?” ಎಂದು ಮೊಮ್ಮಗ ಕೇಳಿದ.

ಹಾಕಿರಲಿಲ್ಲ. ಬಾಗಿಲು ಮುಚ್ಚಿತ್ತು, ಆದರೆ ಬೀಗ ಬಿದ್ದಿರಲಿಲ್ಲ. ಹಿಡಿ ತಿರುಗಿಸಿದ್ದರೆ ತೆರೆಯುತ್ತಿತ್ತು. ದರೋಡೆಕೋರರಲ್ಲಿ ಒಬ್ಬನೂ ಅದನ್ನು ಮುಟ್ಟಿ ನೋಡಲಿಲ್ಲ. ನಮ್ಮ ಶಾಖೆಯ ಸ್ಟ್ರಾಂಗ್ ರೂಮಿಗೆ ಎರಡು ಕೀಲಿಗಳಿದ್ದವು. ಒಂದು ನನ್ನ ಬಳಿ, ಇನ್ನೊಂದು ಮ್ಯಾನೇಜರ್ ಬಳಿ. ನಾನೊಬ್ಬನೇ ಬಯಸಿದರೂ ತೆರೆಯಲಾಗದ ಹಾಗೆ ನಿಯಮವೇ ನನ್ನನ್ನು ಕಾಯುತ್ತಿತ್ತು. ಹೇವುಡ್‌ಗೆ ಅಂಥ ನಿಯಮದ ಆಸರೆಯಿರಲಿಲ್ಲ. ಮೇಲಾಗಿ ನಮ್ಮ ದೇಶದಲ್ಲಿ 1962ರಿಂದ ಠೇವಣಿ ವಿಮೆ ಇದೆ, ಅಮೆರಿಕದಲ್ಲಿಯೂ 1930ರ ದಶಕದಲ್ಲಿ ಬಂತು. 1876ರಲ್ಲಿ ಸೇಫ್‌ನಲ್ಲಿದ್ದ ಹಣ ಹೋಗಿದ್ದರೆ ಈ ಹೊಲಗಳ ರೈತರ, ಗಿರಣಿಯವರ, ಅಂಗಡಿಯವರ ಗಂಟು ಹೋದಂತೆಯೇ. ಬೇರೆಯವರ ದುಡ್ಡಿಗಾಗಿ ಏಕೆ ಪ್ರಾಣ ಕೊಟ್ಟ ಎಂದು ಕೇಳುವವರಿದ್ದಾರೆ. ಆ ದುಡ್ಡು ಯಾರದೆಂದು ಅವನಿಗೆ ಖಾತೆ ಖಾತೆಯಾಗಿ ಗೊತ್ತಿತ್ತು ಎಂಬುದನ್ನು ಲೆಡ್ಜರ್ ಬರೆದವರು ಅರ್ಥಮಾಡಿಕೊಳ್ಳಬಲ್ಲರು. ಅವನು ಬಿಟ್ಟುಹೋದ ಹೆಂಡತಿಗೂ ಪುಟ್ಟ ಮಗಳಿಗೂ ದೇಶದ ನಾನಾ ಕಡೆಯ ಬ್ಯಾಂಕುಗಳು ಹಣ ಕೂಡಿಸಿ ಕಳಿಸಿದವೆಂದು ತಿಳಿದಾಗ ನನ್ನ ಕಣ್ಣು ತುಂಬಿತು.

ಅಂದು ಸತ್ತ ಊರಿನ ಕಡೆಯವರಲ್ಲಿ ಇನ್ನೊಬ್ಬನಿದ್ದ. ನಿಕೋಲಸ್ ಗುಸ್ತಾಫ್ಸನ್ ಎಂಬ ಸ್ವೀಡನ್ನಿನ ವಲಸಿಗ. ಬೀದಿ ಬಿಟ್ಟು ಹೋಗಿ ಎಂದು ದರೋಡೆಕೋರರು ಇಂಗ್ಲಿಷಿನಲ್ಲಿ ಅರಚಿದ್ದು ಅವನಿಗೆ ತಿಳಿಯಲಿಲ್ಲವೆಂದು ಹೇಳುತ್ತಾರೆ. ತಲೆಗೆ ಗುಂಡು ತಗುಲಿ ನಾಲ್ಕು ದಿನಗಳ ಬಳಿಕ ತೀರಿಕೊಂಡ. ಪ್ರದರ್ಶನದಲ್ಲಿ ಅವನ ಪಾತ್ರ ಬಂದುಹೋಗುವುದು ಕ್ಷಣಮಾತ್ರ. ಹೊರದೇಶಕ್ಕೆ ಮಕ್ಕಳನ್ನು ಕಳಿಸಿದ ನಮ್ಮಂಥವರು ಅವನ ಕಥೆಗೆ ಇನ್ನಷ್ಟು ಜಾಗ ಸಿಗಲೆಂದು ಬಯಸಿದರೆ ತಪ್ಪಿಲ್ಲ. ಹೇವುಡ್‌ನ ಸ್ಮರಣೆಯನ್ನು ಮಾತ್ರ ಊರು ಶ್ರದ್ಧೆಯಿಂದ ಇಟ್ಟುಕೊಂಡಿದೆ. ಹಬ್ಬದ ದಿನಗಳಲ್ಲಿ ಅವನ ಸಮಾಧಿಯ ಬಳಿ ಜನ ಸೇರುತ್ತಾರೆ. ಸಮಾಜಸೇವೆ ಮಾಡಿದವರಿಗೆ ಅವನ ಹೆಸರಿನ ಪ್ರಶಸ್ತಿ ಕೊಡುತ್ತಾರೆ. ದರೋಡೆಕೋರನ ಹೆಸರನ್ನು ಹಬ್ಬಕ್ಕಿಟ್ಟರೂ ಗೌರವವನ್ನು ಸಲ್ಲಬೇಕಾದವನಿಗೇ ಸಲ್ಲಿಸುವ ಈ ವಿವೇಕ ನನಗೆ ಬಹಳ ಹಿಡಿಸಿತು.

ಹೊರಗೆ ಬಂದಾಗ, ಹಳೆಯ ಕಾಲದ ಕೋಟು ತೊಟ್ಟ ಸ್ವಯಂಸೇವಕರೊಬ್ಬರು ನೆರಳಿನಲ್ಲಿ ನೀರು ಕುಡಿಯುತ್ತಿದ್ದರು. ನಾನು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದೆನೆಂದು ಮಗಳು ಹೇಳಿದ ಕೂಡಲೇ ಅವರು ನನ್ನ ಕೈಕುಲುಕಿ, ಭಾರತದ ಶಾಖೆಗಳಲ್ಲಿ ಸಂಜೆ ನಗದನ್ನು ಹೇಗೆ ಒಳಗಿಡುತ್ತೀರಿ ಎಂದು ಆಸಕ್ತಿಯಿಂದ ಕೇಳಿದರು. ನೋಟಿನ ಕಟ್ಟುಗಳನ್ನು ಎಣಿಸುವುದು, ಪುಸ್ತಕದೊಂದಿಗೆ ತಾಳೆ ನೋಡುವುದು, ಇಬ್ಬರೂ ಸಹಿ ಹಾಕಿ ಎರಡು ಕೀಲಿಗಳಿಂದ ಬೀಗ ಹಾಕುವುದು, ಎಲ್ಲವನ್ನೂ ವಿವರಿಸಿದೆ. ಅವರು ಇನ್ನಿಬ್ಬರು ಗೆಳೆಯರನ್ನು ಕೂಗಿ ಕರೆದು, ಅದನ್ನೇ ಮತ್ತೊಮ್ಮೆ ನನ್ನಿಂದ ಹೇಳಿಸಿದರು. ಅಷ್ಟರಲ್ಲಿ ಮುಂದಿನ ಪ್ರದರ್ಶನದ ಘೋಷಣೆಯಾಗಿ ಮೂವರೂ ಓಡಿದರು. ಹೊರಡೋಣವೇ ಎಂದು ಅಳಿಯ ಕೇಳಿದಾಗ, ಇನ್ನೊಮ್ಮೆ ನೋಡಿಯೇ ಹೋಗೋಣವೆಂದು ನಾನು ಹೇಳಿದೆ. ಮೊಮ್ಮಗನನ್ನು ಕರೆದುಕೊಂಡು, ಈ ಸಲ ಬ್ಯಾಂಕಿನ ಬಾಗಿಲು ನೇರವಾಗಿ ಕಾಣುವ ಕಡೆ ಜಾಗ ಹಿಡಿದೆ.