ಕಾದ ಹಲಗಿ, ಆರಿದ ಹಲಗಿ

ನೇಟಿವ್ ಇನ್‌ಸ್ಟ್ರುಮೆಂಟ್ಸ್‌ನ ಕಾಂಟ್ಯಾಕ್ಟ್ ಒಂದು ಸ್ಯಾಂಪ್ಲರ್, ಅಂದರೆ ರೆಕಾರ್ಡ್ ಮಾಡಿದ ಸದ್ದಿನ ತುಣುಕುಗಳನ್ನು (ಸ್ಯಾಂಪಲ್) ಕೀ ಒತ್ತಿ ನುಡಿಸುವ ಸಾಫ್ಟ್‌ವೇರ್. ಅದಕ್ಕೆ ಸ್ಯಾಂಪಲ್‌ಗಳನ್ನು ಸುಮ್ನೆ ಎಳೆದು ಹಾಕಿದರೆ ಎಲ್ಲವೂ ಒಂದೇ ಗ್ರೂಪಿಗೆ, ಅಂದರೆ ಒಂದೇ ಸೆಟ್ಟಿಂಗ್ ಹಂಚಿಕೊಳ್ಳುವ ಗುಂಪಿಗೆ, ಹೋಗಿ ಕೂರುತ್ತವೆ. ಕೀ ಒತ್ತಿದರೆ ಸದ್ದು ಬರುತ್ತೆ ಅಲ್ವಾ, ಬಹಳ ಜನ ಅಲ್ಲಿಗೇ ಬಿಡುತ್ತಾರೆ. ಕೋಲಿನಿಂದ ಬಾರಿಸುವ ನಮ್ಮ ಚರ್ಮವಾದ್ಯ ಹಲಗಿಗೆ ಅಷ್ಟು ಸಾಲದು.

ನನ್ನ ಸ್ಯಾಂಪಲ್‌ಗಳು ಆಳಂದ ಕಡೆಯ ಒಂದು ಹಳ್ಳಿಯವು. ಬಾರಿಸಿದ ಕಾಕಾ ಮೊದಲು ತೊಗರಿ ಕಟ್ಟಿಗೆ ಒಟ್ಟಿ ಬೆಂಕಿ ಹಾಕಿದರು. ಹಲಗಿಯನ್ನು ಅದರ ಮುಂದೆ ಹಿಡಿದು ತಿರುಗಿಸುತ್ತಾ, ನಡುನಡುವೆ ಬೆರಳಿನಿಂದ ತಟ್ಟಿ ನೋಡಿದರು. ಚರ್ಮ ಬಿಗಿಯಾದಂತೆ ಮಂಕು ಸದ್ದು ಹೋಗಿ ಕಣ್ ಅನ್ನುವ ದನಿ ಬಂತು. ಸ್ವಲ್ಪ ಹೊತ್ತು ಬಾರಿಸಿದ ಮೇಲೆ ದನಿ ಇಳಿಯಿತು. ಮತ್ತೆ ಬೆಂಕಿ. "ಕಾದ ಹಲಗಿ ಬ್ಯಾರೆ, ಆರಿದ ಹಲಗಿ ಬ್ಯಾರೆ, ತಮ್ಮಾ" ಅಂದರು. ನನ್ನ ಗ್ರೂಪ್‌ಗಳ ಲೆಕ್ಕ ಶುರುವಾಗೋದು ಅಲ್ಲಿಂದಲೇ.

ಪ್ರತಿ ಪೆಟ್ಟಿಗೂ ಅದೇ ಸ್ಯಾಂಪಲ್ ಬಂದರೆ ಮೆಷಿನ್ ಅಂತ ತಕ್ಷಣ ಗೊತ್ತಾಗುತ್ತೆ. ಅದಕ್ಕೇ ರೌಂಡ್ ರಾಬಿನ್: ಅದೇ ಪೆಟ್ಟಿನ ನಾಲ್ಕು ರೆಕಾರ್ಡಿಂಗ್ ಸರದಿ ಮೇಲೆ ಬರುತ್ತವೆ. ಕಾಂಟ್ಯಾಕ್ಟ್‌ನಲ್ಲಿ ಈ ಸರದಿ ನಡೆಯೋದು ಗ್ರೂಪ್‌ಗಳ ನಡುವೆ. ಒಂದೊಂದು ರೆಕಾರ್ಡಿಂಗ್‌ಗೂ ಒಂದೊಂದು ಗ್ರೂಪ್ ಮಾಡಿ, ಗ್ರೂಪ್ ಸ್ಟಾರ್ಟ್ ಆಯ್ಕೆಯಲ್ಲಿ ಸೈಕಲ್ ರೌಂಡ್ ರಾಬಿನ್ ಕೊಟ್ಟು, ಸರದಿ ಸಂಖ್ಯೆ ಹಾಕಬೇಕು. ಆ ನಾಲ್ಕರಲ್ಲಿ ಒಂದು ಆರಿದ ಹಲಗಿಯದಾದರೆ, ಸರದಿ ಬಂದಾಗೆಲ್ಲ ಬೇರೆ ಯಾರೋ ನಡುವೆ ಬಂದು ಒಂದು ಪೆಟ್ಟು ಹೊಡೆದು ಹೋದ ಹಾಗಿರುತ್ತೆ. ಪಿಚ್ ಏರಿಸಿ ಹೊಂದಿಸಬಹುದು, ಆದರೆ ಕಾದ ಚರ್ಮದ ಹರಿತ ಬರಲ್ಲ.

ಹಾಗಾಗಿ ಮೊದಲು ಕಾದದ್ದು, ಆರಿದ್ದು ಅಂತ ಬೇರೆ ಮಾಡಿ. ಆಮೇಲೆ ಅದರೊಳಗೆ ದಪ್ಪ ಕೋಲು, ತೆಳ್ಳನೆ ಕಡ್ಡಿ, ಕೈ ಒತ್ತಿ ತಡೆದ ಪೆಟ್ಟು. ಗ್ರೂಪಿನ ಹೆಸರಲ್ಲೇ ಎಲ್ಲ ಇರಲಿ: 'ಕಾದ_ದಪ್ಪ_1'. ಮೆಲ್ಲನೆ, ಜೋರು ಅಂತ ಬೇರೆ ಗ್ರೂಪ್ ಬೇಡ. ವೆಲಾಸಿಟಿ (ಕೀ ಎಷ್ಟು ಜೋರಾಗಿ ಒತ್ತಿದಿರಿ ಅನ್ನೋ ಸಂಖ್ಯೆ) 1ರಿಂದ 127ರವರೆಗೆ ಮ್ಯಾಪಿಂಗ್ ಎಡಿಟರ್‌ನಲ್ಲಿ ಒಂದರ ಮೇಲೊಂದು ಜೋಡಿಸಿದರೆ ಸಾಕು.

ತಡೆದ ಪೆಟ್ಟು ಬಿದ್ದ ಕೂಡಲೇ ದಪ್ಪ ಕೋಲಿನ ಗುಂಯ್ ಸದ್ದು ನಿಲ್ಲಬೇಕು. ಆ ಎರಡೂ ಬಗೆಯ ಗ್ರೂಪ್‌ಗಳನ್ನು ಒಂದೇ ವಾಯ್ಸ್ ಗ್ರೂಪಿಗೆ (ಒಟ್ಟಿಗೆ ಎಷ್ಟು ಸದ್ದು ನುಡಿಯಬಹುದು ಅಂತ ಮಿತಿ ಹಾಕುವ ಗುಂಪು) ಸೇರಿಸಿ, ವಾಯ್ಸ್ ಮಿತಿ 1 ಇಡಿ. ತೆಳ್ಳನೆ ಕಡ್ಡಿಯನ್ನು ಹೊರಗೇ ಬಿಡಿ, ಅದರ ಚಟಚಟ ಮೇಲೆ ಓಡುತ್ತಿರಬೇಕು. ಯಾವ ನಾಬ್ ಮುಟ್ಟುವ ಮೊದಲೂ ಎಡಿಟ್ ಆಲ್ ಗ್ರೂಪ್ಸ್ ಬಟನ್ ನೋಡಿಕೊಳ್ಳಿ. ಅದು ಆನ್ ಇದ್ದರೆ ಬದಲಾವಣೆ ಎಲ್ಲ ಗ್ರೂಪಿಗೂ ತಾಗುತ್ತೆ.

ದಪ್ಪ ಕೋಲನ್ನು 36ನೇ ನೋಟಿಗೆ, ಕಡ್ಡಿಯನ್ನು 38ಕ್ಕೆ ಕೂರಿಸಿದ್ದೇನೆ. ಯಾವ ನೋಟಿಗೆ ಯಾವ ಡ್ರಮ್ ಅಂತ ಹೇಳುವ ಜನರಲ್ ಮಿಡಿ ಪದ್ಧತಿಯಲ್ಲಿ ಅವು ಕಿಕ್, ಸ್ನೇರ್ ಡ್ರಮ್‌ಗಳ ಜಾಗ. ಡ್ರಮ್ ಕಿಟ್‌ಗೆ ಬರೆದ ಪ್ಯಾಟರ್ನ್ ಇದರಲ್ಲಿ ಹಾಗೇ ನುಡಿಯುತ್ತೆ, ಕೇಳಲು ಬಲು ಖುಷಿ.

ಆರಿದ ಸ್ಯಾಂಪಲ್‌ಗಳನ್ನು ದಯವಿಟ್ಟು ಡಿಲೀಟ್ ಮಾಡಬೇಡಿ. ಮೊಹರಂನ ಅಲಾಯಿ ಕುಣಿತದಂಥ ಟ್ರ್ಯಾಕ್‌ಗೆ ಕಾದದ್ದೇ ಬೇಕು. ಯಾರಾದರೂ ಮಾತಾಡುವಾಗ ಹಿಂದೆ ನುಡಿಸೋಕೆ ನಾನು ಆರಿದ್ದನ್ನೇ ಹಾಕೋದು. ಮಾತಿಗೆ ಅಡ್ಡ ಬರಲ್ಲ.