ಮೊದಲು ನೆಲಕ್ಕೆ ಇಳಿಯೋಣ

ಜನವರಿ 18, 2026, ಭಾನುವಾರ
ಮೈಸೂರು

ಸಂಕ್ರಾಂತಿ ಕಳೆದರೂ ಚಳಿ ಬಿಟ್ಟಿಲ್ಲ. ಬಡಾವಣೆಯ ಹಿರಿಯರಿಗೆ ನಡೆಸುವ ಯೋಗದ ತರಗತಿಯನ್ನು ಬೆಳಗ್ಗೆ ಆರರಿಂದ ಎಂಟಕ್ಕೆ ಸರಿಸಿದ್ದೇನೆ. ಶಿವರಾತ್ರಿವರೆಗೂ ಹೀಗೇ. ಎಲ್ಲರಿಗೂ ಇದು ಹಿಡಿಸಿಲ್ಲ. "ಯೋಗ ಅಂದ್ರೆ ಸೂರ್ಯ ಹುಟ್ಟೋ ಮುಂಚೆ ಅಲ್ವಾ ಮೇಡಂ?" ಅಂತ ನಮ್ಮ ರಿಟೈರ್ಡ್ ಮೇಷ್ಟ್ರು ಇವತ್ತೂ ಕೇಳಿದರು.

ಮಂಡಿ ಸವೆದವರಿಗೆ, ಸೊಂಟ ಹಿಡಿದವರಿಗೆ ಆ ಹೊತ್ತು ಬೇಡ ಅಂತ ಗಟ್ಟಿಯಾಗಿಯೇ ಹೇಳಿದೆ. ರಾತ್ರಿಯೆಲ್ಲ ಅಲ್ಲಾಡದೆ ಮಲಗಿದ ಕೀಲು ಎದ್ದ ಕೂಡಲೇ ಪೆಡಸಾಗಿರುತ್ತದೆ. ಬೆನ್ನುಮೂಳೆಯ ನಡುವಿನ ಡಿಸ್ಕ್‌ಗಳು ರಾತ್ರಿ ನೀರು ಹೀರಿಕೊಂಡು ಉಬ್ಬಿರುತ್ತವೆ. ಆಗ ಮುಂದಕ್ಕೆ ಬಗ್ಗಿದರೆ ಬೆನ್ನಿನ ಮೇಲೆ ಒತ್ತಡ ಜಾಸ್ತಿ. ಎದ್ದು, ಮನೆಯೊಳಗೆ ಒಂದಿಷ್ಟು ಓಡಾಡಿ, ಬಿಸಿನೀರಿನ ಸ್ನಾನ ಮುಗಿಸಿ ಬಂದರೆ ಅರ್ಧ ಕೆಲಸ ಆದಂತೆ.

ಇವತ್ತು ಹೊಸದಾಗಿ ಒಬ್ಬರು ಅಜ್ಜಿ ಬಂದಿದ್ದರು. ಸೊಸೆ ಕೈಹಿಡಿದು ಕರೆತಂದಿದ್ದಳು. ಬಾಗಿಲಲ್ಲೇ ನಿಂತು ಅಜ್ಜಿ ಹೇಳಿದ್ದು ಒಂದೇ ಮಾತು: "ನೋಡಮ್ಮಾ, ನಂಗೆ ನೆಲದ ಮೇಲೆ ಕೂರಕ್ಕಾಗಲ್ಲ. ಕೂತ್ರೆ ಏಳಕ್ಕಾಗಲ್ಲ. ಕುರ್ಚೀಲೇ ಏನಾದ್ರೂ ಹೇಳ್ಕೊಡು."

ಬರುವವರಲ್ಲಿ ಹೆಚ್ಚಿನವರು ಹೇಳುವುದು ಇದನ್ನೇ. ಕುರ್ಚಿಯಲ್ಲಿ ಮಾಡಿಸಬಹುದು, ಮಾಡಿಸುತ್ತೇನೆ ಕೂಡ. ಆದರೆ ಡಾಕ್ಟರು ಬೇಡ ಅಂದಿಲ್ಲದಿದ್ದರೆ ನೆಲವನ್ನು ಬಿಟ್ಟುಕೊಡಬಾರದು ಅನ್ನುವುದು ನನ್ನ ನಂಬಿಕೆ. ನಮ್ಮ ಮನೆಗಳಲ್ಲಿ ಊಟ, ತರಕಾರಿ ಹೆಚ್ಚುವುದು, ಹೂ ಕಟ್ಟುವುದು, ಪೂಜೆ ಎಲ್ಲ ನೆಲದಲ್ಲೇ ಆಗುತ್ತಿತ್ತು. ದಿನಕ್ಕೆ ಎಷ್ಟೋ ಸಲ ಮಂಡಿ, ಸೊಂಟ, ಪಾದದ ಗಂಟು ಪೂರ್ತಿ ಮಡಚಿ ಬಿಚ್ಚುತ್ತಿದ್ದವು. ಈಗ ಡೈನಿಂಗ್ ಟೇಬಲ್, ಸೋಫಾ, ಕಮೋಡ್. ನೋವಿದ್ದವರಿಗೆ ಇವೆಲ್ಲ ಬೇಕು, ತಪ್ಪೇನಿಲ್ಲ. ಆದರೆ ಮಡಚದ ಕೀಲು ದಿನೇದಿನೇ ಇನ್ನಷ್ಟು ಬಿಗಿಯುತ್ತದೆ, ತೊಡೆಯ ಬಲ ಇಳಿಯುತ್ತದೆ. ಮುಂದೊಂದು ದಿನ ಕಾಲುಜಾರಿ ಬಿದ್ದರೆ, ಪೆಟ್ಟಾಗದಿದ್ದರೂ ಏಳಲಾಗದೆ ಯಾರಾದರೂ ಬರುವವರೆಗೆ ಅಲ್ಲೇ ಇರಬೇಕಾಗುತ್ತದೆ. ನನಗೆ ಭಯ ಇದರದ್ದೇ. ಹಾಗಾಗಿ ನನ್ನ ತರಗತಿಯಲ್ಲಿ ನೆಲಕ್ಕೆ ಇಳಿಯುವುದು ಮತ್ತು ನೆಲದಿಂದ ಏಳುವುದೇ ಮೊದಲ ಪಾಠ. ಆಸನಗಳೆಲ್ಲ ಆಮೇಲೆ.

ಅಜ್ಜಿಗೆ ಇವತ್ತು ಅದನ್ನೇ ಮಾಡಿಸಿದೆ. ಭಾರದ ಮರದ ಕುರ್ಚಿಯನ್ನು ಗೋಡೆಗೆ ಒರಗಿಸಿ ಇಟ್ಟೆವು. ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ, ಜಾರುತ್ತದೆ. ಅದರ ಮುಂದೆ ಜಮಖಾನವನ್ನು ನಾಲ್ಕು ಮಡಿಕೆ ಮಾಡಿ ಹಾಸಿದೆವು. ಅಜ್ಜಿ ಕುರ್ಚಿಯ ಕಡೆ ಮುಖ ಮಾಡಿ ಎರಡೂ ಕೈಯನ್ನು ಸೀಟಿನ ಮೇಲೆ ಊರಿದರು. ಬಲಗಾಲು ಗಟ್ಟಿ, ನೋವು ಎಡಮಂಡಿಯದ್ದು. ಬಲಪಾದ ಮುಂದೆ ಊರಿ, ಭಾರವನ್ನು ಆ ಕಾಲಿಗೂ ಕೈಗಳಿಗೂ ಬಿಟ್ಟು, ಎಡಮಂಡಿಯನ್ನು ನಿಧಾನವಾಗಿ ಜಮಖಾನದ ಮೇಲಿಟ್ಟರು. ಆಮೇಲೆ ಬಲಮಂಡಿ. ಅಲ್ಲಿಂದ ಕೈಯನ್ನು ನೆಲಕ್ಕೆ ತಂದು, ಪಕ್ಕಕ್ಕೆ ವಾಲಿ ಕೂತರು. ಸೊಸೆ ಎತ್ತಲು ಕೈಚಾಚಿದಾಗ ಬೇಡ ಅಂದೆ. ತೋಳು ಹಿಡಿದು ಎಳೆದರೆ ಭುಜಕ್ಕೆ ಪೆಟ್ಟು. ಪಕ್ಕದಲ್ಲಿ ನಿಂತಿದ್ದರೆ ಸಾಕು.

ಏಳುವಾಗ ಇದನ್ನೇ ತಿರುಗುಮುರುಗು ಮಾಡುವುದು. ಅಂಬೆಗಾಲಿಗೆ ಬಂದು, ಕುರ್ಚಿ ಹಿಡಿದು, ಗಟ್ಟಿ ಕಾಲನ್ನು ಮುಂದಿಟ್ಟು, ಉಸಿರು ಬಿಡುತ್ತಾ ಮೇಲೇಳಬೇಕು. ಅಜ್ಜಿ ತಾವಾಗಿಯೇ ಎದ್ದು ನಿಂತಾಗ ಮೇಷ್ಟ್ರು ಚಪ್ಪಾಳೆ ತಟ್ಟಿದರು. ನನಗೂ ತುಂಬಾ ಖುಷಿಯಾಯಿತು.

ಉಳಿದವರ ಅಭ್ಯಾಸ ಎಂದಿನಂತೆ. ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂರುವುದರಿಂದ ಶುರು. ತೊಡೆಯ ಹಿಂಭಾಗ ಬಿಗಿಯಿದ್ದವರಿಗೆ ಹೀಗೆ ಕೂತರೆ ಸೊಂಟ ಹಿಂದಕ್ಕೆ ಜಗ್ಗಿ ಬೆನ್ನು ಗೂನಾಗುತ್ತದೆ. ಅಂಥವರು ಗಟ್ಟಿ ದಿಂಬಿನ ಮೇಲೋ ಮಣೆಯ ಮೇಲೋ ಕೂತರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಮೊದಲು ಕಾಲ್ಬೆರಳು ಮಡಚಿ ಬಿಡಿಸುವುದು, ಆಮೇಲೆ ಪಾದವನ್ನು ಹಿಂದೆ ಮುಂದೆ ಮಾಡುವುದು, ಆಮೇಲೆ ಸುತ್ತಿಸುವುದು. ಬಿಹಾರದ ಮುಂಗೇರಿನ ಯೋಗಗುರು ಸ್ವಾಮಿ ಸತ್ಯಾನಂದ ಸರಸ್ವತಿಯವರು ಪವನಮುಕ್ತಾಸನದ ಸರಣಿಯಲ್ಲಿ ಕೀಲುಗಳಿಗೆಂದು ಜೋಡಿಸಿದ ಕ್ರಮ ಇದು. ಕಾಲ್ಬೆರಳಿಂದ ಶುರುವಾಗಿ ಕತ್ತಿನವರೆಗೆ ಒಂದೊಂದೇ ಕೀಲನ್ನು ಮಾತಾಡಿಸಿಕೊಂಡು ಬರುತ್ತದೆ. ನೋಡುವವರಿಗೆ ಇದು ಸುಮ್ನೆ ಕಾಲಾಡಿಸಿದ ಹಾಗೆ ಕಾಣಬಹುದು. ಆದರೆ ಮೂಳೆಯ ತುದಿಯಲ್ಲಿರುವ ಮೃದು ಎಲುಬಿಗೆ ರಕ್ತನಾಳವೇ ಇಲ್ಲ. ಸ್ಪಂಜು ಹಿಂಡಿ ಬಿಟ್ಟಾಗ ನೀರು ಹೀರುವ ಹಾಗೆ, ಕೀಲು ಆಡಿದಾಗಲೇ ಅದು ಕೀಲಿನ ದ್ರವದಿಂದ ಪೋಷಣೆ ಪಡೆಯುವುದು. ಮೈಭಾರ ಹಾಕದೆ ಕೀಲನ್ನು ಆಡಿಸಲು ನೆಲಕ್ಕಿಂತ ಒಳ್ಳೆಯ ಜಾಗ ಇಲ್ಲ.

ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ನೆಲಕ್ಕೆ ಒತ್ತಿ ಐದು ಎಣಿಸಿ ಬಿಡುವುದು ನನಗೆ ಎಲ್ಲಕ್ಕಿಂತ ಮುಖ್ಯ. ತೊಡೆಯ ಮುಂಭಾಗ ಗಟ್ಟಿಯಾದರೆ ಮಂಡಿಯ ಕಷ್ಟ ಎಷ್ಟೋ ಕಡಿಮೆಯಾಗುತ್ತದೆ. ಎಣಿಸುವುದನ್ನು ಬಾಯಿಬಿಟ್ಟೇ ಎಣಿಸಬೇಕು. ಆಗ ಉಸಿರು ಕಟ್ಟುವುದಿಲ್ಲ. ಬಿಪಿ ಇರುವವರು ಉಸಿರು ಕಟ್ಟಲೇಬಾರದು. ಆಮೇಲೆ ಮಲಗಿ ಒಂದೊಂದೇ ಮಂಡಿಯನ್ನು ಎದೆಯ ಕಡೆ ತರುವುದು, ಕೈ ಇರಬೇಕಾದ್ದು ತೊಡೆಯ ಹಿಂದೆ, ಮಂಡಿಯ ಮೇಲಲ್ಲ. ಕಾಲು ಮೇಲೆತ್ತಲು ಹಳೇ ಪಂಚೆಯನ್ನು ಪಾದಕ್ಕೆ ಹಾಕಿ ಹಿಡಿದರೆ ಸಾಕು. ಸ್ವಲ್ಪವೇ ಸೊಂಟ ಎತ್ತುವ ಸೇತುಬಂಧ. ಕೊನೆಗೆ ಮಂಡಿಯ ಕೆಳಗೆ ದಿಂಬಿಟ್ಟು ಶವಾಸನ.

ದಿಂಬು, ಪಂಚೆ ಅಂದ ಕೂಡಲೇ ಕೆಲವರಿಗೆ ನಾಚಿಕೆ. "ಇದು ನಿಜವಾದ ಯೋಗಾನಾ?" ಅಂತ ಕೇಳುತ್ತಾರೆ. ನಮ್ಮೂರಿನ ಗೋಕುಲಂ ಕಡೆ ಹೋದರೆ ಯೋಗ ಕಲಿಯಲು ಬಂದು ಚಾಪೆ ಹೆಗಲಿಗೇರಿಸಿದ ವಿದೇಶದ ಹುಡುಗ ಹುಡುಗಿಯರೇ ಕಾಣುತ್ತಾರೆ, ಹಾಗಾಗಿ ಆ ಅನುಮಾನ ಸಹಜ. ನಾನು ಅವರಿಗೆ ಹೇಳುವುದು ಕೃಷ್ಣಮಾಚಾರ್ಯರ ಬಗ್ಗೆ. 1930ರ ದಶಕದಲ್ಲಿ ಇಲ್ಲೇ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಹುಡುಗರಿಗೆ ಕಠಿಣ ಆಸನಗಳನ್ನು ಕಲಿಸಿದವರು ಅವರು. ಆಮೇಲೆ ಮದರಾಸಿನಲ್ಲಿ ಕಾಯಿಲೆಯವರಿಗೆ, ವಯಸ್ಸಾದವರಿಗೆ ಅವರವರ ಮೈಗೆ ತಕ್ಕಂತೆ ಬದಲಿಸಿ ಕಲಿಸಿದವರೂ ಅವರೇ. ಅವರ ಶಿಷ್ಯ, ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಬೆಲ್ಟು, ಮರದ ತುಂಡು, ಕಂಬಳಿ, ಕುರ್ಚಿ ಎಲ್ಲವನ್ನೂ ಆಸನದೊಳಗೆ ತಂದರು. ಪಂಚೆಗೆ ಯಾಕೆ ನಾಚಿಕೆ?

ಎಲ್ಲರಿಗೂ ಎಲ್ಲವೂ ಅಲ್ಲ. ಮೂಳೆ ಸವಕಳಿ, ಅಂದರೆ ಮೂಳೆಯೇ ಟೊಳ್ಳಾಗುವ ತೊಂದರೆ ಇರುವವರು ಬೆನ್ನು ಗೂನಾಗಿಸಿ ಮುಂದಕ್ಕೆ ಬಗ್ಗಬಾರದು, ಬೆನ್ನುಮೂಳೆ ಕುಸಿಯುವ ಅಪಾಯ ಇದೆ. ಗ್ಲಾಕೋಮಾ ಅನ್ನುವ ಕಣ್ಣಿನ ಕಾಯಿಲೆ ಇದ್ದರೆ ತಲೆ ಕೆಳಗಾಗುವ ಭಂಗಿ ಬೇಡ. ಮಂಡಿ ಅಥವಾ ಸೊಂಟದ ಕೀಲು ಬದಲಿಸಿಕೊಂಡವರು ಆಪರೇಷನ್ ಮಾಡಿದ ಡಾಕ್ಟರನ್ನು ಕೇಳದೆ ಮಂಡಿಯೂರಬಾರದು, ಚಕ್ಕಂಬಕ್ಕಳ ಹಾಕಬಾರದು. ಚುಚ್ಚುವ ನೋವು ಬಂದರೆ ಅಲ್ಲೇ ನಿಲ್ಲಿಸಿ. ಅಭ್ಯಾಸ ಮುಗಿದು ಎರಡು ಗಂಟೆಯಾದರೂ ಮೊದಲಿಗಿಂತ ನೋವು ಜಾಸ್ತಿಯೇ ಇದ್ದರೆ ಮಾರನೇ ದಿನ ಕಡಿಮೆ ಮಾಡಿ. ಕೀಲು ಸವೆತದ ಬಿಗಿತ ಬೆಳಗ್ಗೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಗಂಟೆ ಮೀರಿ ಉಳಿದು, ಕೈಗಿಣ್ಣುಗಳೂ ಊದಿಕೊಂಡಿದ್ದರೆ ಅದು ಬೇರೆ ಬಗೆಯ ಸಂಧಿವಾತ ಇರಬಹುದು. ಯೋಗಕ್ಕೆ ಮುಂಚೆ ಡಾಕ್ಟರ ಹತ್ತಿರ ಹೋಗಬೇಕು.

ಹೊರಡುವಾಗ ಸೊಸೆ ಕೇಳಿದಳು, "ಮನೇಲಿ ಮಂಚದ ಮೇಲೆ ಮಾಡಿಸಬಹುದಾ ಆಂಟಿ?" ಕಾಲ್ಬೆರಳು, ಪಾದದ್ದು ಮಾಡಿಸು, ಏಳುವ ಮುಂಚೆ ಹಾಸಿಗೆಯಲ್ಲೇ ಮಾಡಿದರೆ ಇನ್ನೂ ಒಳ್ಳೆಯದು ಅಂದೆ. ಆಮೇಲೆ ಪಕ್ಕಕ್ಕೆ ಹೊರಳಿ, ಕಾಲು ಇಳಿಬಿಟ್ಟು, ಸ್ವಲ್ಪ ಹೊತ್ತು ಕೂತು ಏಳಬೇಕು. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಧಡಕ್ಕನೆ ಎದ್ದರೆ ತಲೆ ಸುತ್ತಬಹುದು. ಉಳಿದದ್ದಕ್ಕೆ ಹಾಸಿಗೆ ಮೆತ್ತಗೆ, ನೆಲವೇ ಸರಿ. ನೀನು ಮನೆಯಲ್ಲಿರುವಾಗ ಮಾತ್ರ ಇಳಿಸು, ಕುರ್ಚಿ ಗೋಡೆಗೆ ಒರಗಿರಲಿ ಅಂತ ಇನ್ನೊಮ್ಮೆ ಹೇಳಿ ಕಳಿಸಿದೆ.