ಒಂದೇ ಓಟ, ಮೂವರು ಮಾಸ್ಟ್ರು

ಸಂಜೆ ಮಂಗಳಾ ಸ್ಟೇಡಿಯಂನಲ್ಲಿ ಮಕ್ಕಳು ಓಡುವುದನ್ನು ನೋಡುತ್ತಾ ಕೂತರೆ ನನಗೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಅದರಲ್ಲೂ 400 ಮೀಟರ್. ಕಾಲೇಜಿನಲ್ಲಿ ನಾನೂ ಅದನ್ನೇ ಓಡುತ್ತಿದ್ದೆ. ಮುನ್ನೂರು ದಾಟಿದ ಮೇಲೆ ತೊಡೆ ಕಲ್ಲಾಗುತ್ತದಲ್ಲ, ಆಗ ಕಾಲು ನಮ್ಮ ಮಾತು ಕೇಳುವುದಿಲ್ಲ, ಸುಮ್ನೆ ಕೈ ಬೀಸಿಕೊಂಡು ಹೋಗಬೇಕು ಅಷ್ಟೇ.

ಒಂದು ದಿನ ಒಬ್ಬರು ಮಾಸ್ಟ್ರು ಸ್ಟಾಫ್ ರೂಮಿಗೆ ಕರೆದು, ಓಡುವವರ ತಲೆಗೆ ಪಾಠ ಹತ್ತುವುದಿಲ್ಲ, ಎರಡರಲ್ಲಿ ಒಂದು ಬಿಡು ಅಂದರು. ನಾನು ಓಟ ಬಿಟ್ಟೆ. ಆ ನೋವು ಇವತ್ತಿಗೂ ಹೋಗಿಲ್ಲ.

ಓಟಗಾರ ಗಾಡ್‌ಫ್ರೆ ಬ್ರೌನ್ ನನಗೆ ಅಷ್ಟು ಹಿಡಿಸಿದ್ದು ಅದಕ್ಕೇ. ಇಂಗ್ಲೆಂಡಿನವರು, ಆದರೆ ಹುಟ್ಟಿದ್ದು 1915ರಲ್ಲಿ ಬಂಗಾಳದ ಬಾಂಕುರಾದಲ್ಲಿ. ಅಪ್ಪ ಮಿಷನರಿ. ಬಾಸೆಲ್ ಮಿಷನ್‌ನ ಶಾಲೆ, ಹಂಚಿನ ಕಾರ್ಖಾನೆ ನೋಡಿ ಬೆಳೆದ ನಮ್ಮ ಮಂಗಳೂರಿನವರಿಗೆ ಅಂಥ ಮನೆ ಹೇಗಿರುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ. 1936ರ ಬರ್ಲಿನ್ ಒಲಿಂಪಿಕ್ಸ್‌ನ 400 ಮೀಟರ್ ಫೈನಲ್‌ನಲ್ಲಿ ಅಮೆರಿಕದ ಆರ್ಚಿ ವಿಲಿಯಮ್ಸ್ 46.5 ಸೆಕೆಂಡಿಗೆ ಗೆದ್ದರು, ಬ್ರೌನ್ 46.7ಕ್ಕೆ ಎರಡನೆಯವರು. ಆಮೇಲೆ 4x400 ರಿಲೇಯಲ್ಲಿ ಕೊನೆಯ ಸುತ್ತು ಇವರದೇ. ಬ್ರಿಟನ್ ತಂಡ 3 ನಿಮಿಷ 9 ಸೆಕೆಂಡಿಗೆ ಚಿನ್ನ ಗೆದ್ದಿತು! ಅದೇ ಕೂಟದಲ್ಲಿ ಅವರ ಅಕ್ಕ ಆಡ್ರಿಗೂ ರಿಲೇ ಬೆಳ್ಳಿ ಬಂತು.

ಇಷ್ಟೆಲ್ಲ ಮಾಡಿದವರು ಮುಂದೆ ಹಿಡಿದದ್ದು ಪಾಠದ ಕೆಲಸ. 1950ರಲ್ಲಿ ಇಂಗ್ಲೆಂಡಿನ ವೂಸ್ಟರ್‌ನ ರಾಯಲ್ ಗ್ರಾಮರ್ ಸ್ಕೂಲಿಗೆ ಹೆಡ್‌ಮಾಸ್ಟ್ರಾದರು, 1978ರವರೆಗೆ ಅಲ್ಲೇ ಇದ್ದರು. 28 ವರ್ಷ, ಮಾರಾಯ್ರೆ!

ಇನ್ನೂ ಇದೆ. ಚಿನ್ನ ಗೆದ್ದ ವಿಲಿಯಮ್ಸ್ ಇಂಜಿನಿಯರಿಂಗ್ ಓದಿದವರು, ಅಮೆರಿಕದ ಟಸ್ಕೀಗಿಯಲ್ಲಿ ಪೈಲಟ್‌ಗಳಿಗೆ ವಿಮಾನ ಹಾರಿಸಲು ಕಲಿಸಿದರು, ವಾಯುಪಡೆ ಬಿಟ್ಟ ಮೇಲೆ ಕ್ಯಾಲಿಫೋರ್ನಿಯಾದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟರು. ಆ ಶಾಲೆಗೆ ಈಗ ಅವರದೇ ಹೆಸರು. 46.8ಕ್ಕೆ ಮೂರನೆಯವರಾದ ಜೇಮ್ಸ್ ಲುವಾಲ್ ಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮಾಡಿದರು, ಅದೂ ಹೆಸರಾಂತ ಕೆಮಿಸ್ಟ್ರಿ ವಿಜ್ಞಾನಿ ಲೈನಸ್ ಪಾಲಿಂಗ್ ಕೈಕೆಳಗೆ. ಫಿಸ್ಕ್ ಯೂನಿವರ್ಸಿಟಿಯಲ್ಲಿ ಪಾಠ ಮಾಡಿದರು. ಒಂದೇ ಓಟದ ಮೂರೂ ಪದಕದವರು ಮಾಸ್ಟ್ರುಗಳೇ. ಇದು ನನಗೆ ಹದಿನೆಂಟರಲ್ಲೇ ಗೊತ್ತಿರಬೇಕಿತ್ತು, ಅಲ್ವಾ?

ನಿನ್ನೆ ಗ್ಯಾಲರಿ ಮೆಟ್ಟಿಲಲ್ಲಿ ಒಬ್ಬಳು ಹುಡುಗಿ ಸ್ಪೈಕ್ಸ್ ಕೂಡ ಬಿಚ್ಚದೆ ಪಿಯುಸಿ ಕೆಮಿಸ್ಟ್ರಿ ಪುಸ್ತಕ ತೆರೆದು ಕೂತಿದ್ದಳು. ಲುವಾಲ್ ಬಗ್ಗೆ ಹೇಳಿದೆ. ಪಿಎಚ್‌ಡಿ ವಿಷಯ ಅವಳ ಕಿವಿಗೆ ಬಿತ್ತೋ ಇಲ್ಲವೋ, ಟೈಮಿಂಗ್ ಎಷ್ಟು ಅಂತ ಕೇಳಿದಳು. 46.8 ಅಂದೆ. ಪುಸ್ತಕದ ಅಂಚಿನಲ್ಲಿ ಬರೆದುಕೊಂಡಳು.